ತಿಳೀತ್ರೀ ಸರ

ನಮ್ಮ ಲಕ್ಷ್ಮೇಶ್ವರದ ಕಡೆ ವಾಲೆಂಟಿಯರ್ ಎಂದರೆ ಎದೆಗೆ ರಿಬ್ಬನ್ನಿನ ಬಿಲ್ಲೆ ಚುಚ್ಚಿಕೊಂಡು, ಜಾತ್ರೆಯಲ್ಲೋ ಸಾಹಿತ್ಯ ಸಮ್ಮೇಳನದಲ್ಲೋ ಮಂದಿಯನ್ನು ‘ಹಿಂದ ಸರೀರಿ, ಹಿಂದ ಸರೀರಿ’ ಎಂದು ನೂಕಿ, ಕಡೆಗೆ ಮೊದಲ ಪಂಕ್ತಿಯಲ್ಲಿ ತಾನೇ ಕುಳಿತು ಮಾದಲಿ ಉಣ್ಣುವವನು. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿದ ನಾನು ಆ ಬಿಲ್ಲೆಯನ್ನೂ ಆ ಮಾದಲಿಯನ್ನೂ ಹತ್ತಾರು ಸಲ ಕಂಡವನು. ಹೀಗಾಗಿ ಟೆಕ್ಸಸ್‌ನಲ್ಲಿರುವ ಮಗ ಫೋನಿನಲ್ಲಿ, ‘ಅಪ್ಪಾ, ಇಲ್ಲಿ ಭಾನುವಾರಕ್ಕೊಮ್ಮೆ ಹುಡುಗ್ರಿಗೆ ಕನ್ನಡ ಕಲಿಸ್ತಾರ. ನೀ ಹೆಂಗೂ ಆರು ತಿಂಗಳು ಇರಾಂವ, ವಾಲೆಂಟಿಯರ್ ಆಗ್ತಿಯೇನು?’ ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ‘ಊಟ ಎಷ್ಟೊತ್ತಿಗೈತಿ?’

ಊಟ ಇರಲಿಲ್ಲ. ಫಾರ್ಮು ಇತ್ತು.

ಆದರೆ ಫಾರ್ಮಿನ ಕತೆಗೆ ಮುಂಚೆ ಮಣ್ಣಿನ ಕತೆ ಹೇಳಬೇಕು. ಡಲ್ಲಾಸಿನ ಹೊರವಲಯದಲ್ಲಿರುವ ಮಗನ ಮನೆಗೆ ನಾನೂ ನಮ್ಮಾಕಿಯೂ ಹೋಗಿ ಇಳಿದದ್ದು ಜುಲೈ ತಿಂಗಳ ಬಿಸಿಲಿನಲ್ಲಿ. ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ನನಗೆ ಶಿರಹಟ್ಟಿ ದಾರಿಯ ಹೊಲಕ್ಕೆ ಬಂದು ನಿಂತಂತಾಯಿತು. ಕಾಲಡಿಯಲ್ಲಿ ಅದೇ ಕರಿ ಎರಿ, ಕೈ ಹೋಗುವಷ್ಟು ಅಗಲದ ಅದೇ ಬಿರುಕು. ಡಲ್ಲಾಸ್ ಇರುವುದೇ ಅಲ್ಲಿಯ ಎರಿ ಸೀಮೆಯಲ್ಲಂತೆ. ಮಗ ಮನೆಯ ಬುಡದ ಸುತ್ತ ರಬ್ಬರ್ ಪೈಪು ಹಾಸಿ ನೀರು ಬಿಡುತ್ತಿದ್ದ. ‘ಯಾಕೋ, ಮನಿ ಬೆಳೀತೈತೇನು?’ ಎಂದೆ. ‘ಇಲ್ಲಪ್ಪಾ, ಈ ಮಣ್ಣು ಒಣಗಿದ್ರ ಕುಗ್ಗತೈತಿ, ಬುನಾದಿ ಸೀಳತೈತಿ’ ಎಂದ. ನಳದ ನೀರು ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಸಂಸಾರ ಮಾಡಿದ ನಮ್ಮಾಕಿ ಸೆರಗನ್ನು ಬಾಯಿಗೆ ಹಿಡಿದು ಬಹಳ ಹೊತ್ತು ಆ ಪೈಪನ್ನೇ ನೋಡುತ್ತ ನಿಂತಿದ್ದಳು.

ಈ ಎರಡು ಎರಿ ಸೀಮೆಗಳ ನಂಟು ಹಳೆಯದು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ, ಅವರ ಬೀಜವನ್ನು ನಮ್ಮ ಕಡೆಯ ಹೊಲಗಳಲ್ಲಿ ಬಿತ್ತಿಸಿತು. ದೇಶದ ಎಷ್ಟೋ ಕಡೆ ಕೈಕೊಟ್ಟ ಆ ಬೀಜ ನಮ್ಮ ಎರಿಯಲ್ಲಿ ಮಾತ್ರ ಹುಲುಸಾಗಿ ಹುಟ್ಟಿ ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು. ಗದಗ ಆಗ ಧಾರವಾಡ ಜಿಲ್ಲೆಯದೇ. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದು ಅಮೆರಿಕದವರು ಬಂದು ನಮಗೆ ಹತ್ತಿ ಬಿತ್ತುವುದನ್ನು ಕಲಿಸಿದರು, ಈಗ ನಾನು ಹೋಗಿ ಅವರಲ್ಲಿ ಕಾಗುಣಿತ ಬಿತ್ತುವುದು ನ್ಯಾಯವೇ ಸರಿ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಪಗಾರ ಎಣಿಸಿಕೊಂಡು ಬಂದಿದ್ದರು, ನಾನು ಟಿಕೀಟಿಗೆ ಪೆನ್ಶನ್ ಹಣ ಹಾಕಿದ್ದೆ, ವ್ಯತ್ಯಾಸ ಅಷ್ಟೇ.

ಈಗ ಫಾರ್ಮು. ಸೇವೆ ಎಂಬುದು ನಮ್ಮ ಜಿಲ್ಲೆಗೆ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದ ರೈತರು 1905ರಲ್ಲೇ ಸಹಕಾರ ಸಂಘ ಕಟ್ಟಿದವರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಅವರಾರೂ ಅದಕ್ಕೆ ಮುಂಚೆ ಆರು ಪುಟದ ಫಾರ್ಮು ತುಂಬಿದ್ದನ್ನು ನಾನು ಕೇಳಿಲ್ಲ. ನನ್ನ ಮುಂದಿದ್ದ ಫಾರ್ಮು ‘ನಿಮ್ಮ ಮೇಲೆ ಯಾವುದಾದರೂ ಅಪರಾಧ ಸಾಬೀತಾಗಿದೆಯೇ?’ ಎಂದು ಕೇಳುತ್ತಿತ್ತು. ಮಕ್ಕಳ ಜೊತೆ ಕೆಲಸ ಮಾಡುವವರು ಯಾರೇ ಇರಲಿ, ಪೂರ್ವಾಪರ ಪರಿಶೀಲನೆ ಆಗಲೇಬೇಕಂತೆ.

ನನಗೆ ಎದೆ ಚುರ್ ಎಂದಿತು. ನಮ್ಮೂರಲ್ಲಿ ನಾನು ಬಜಾರಕ್ಕೆ ಹೊರಟರೆ ತಮ್ಮ ಅಂಗಡಿ ಗಲ್ಲೆಯಿಂದ ಎದ್ದು ನಿಲ್ಲುವ ನಾಲ್ಕು ಜನರಾದರೂ ಇದ್ದಾರೆ. ‘ನನ್ನ ಮ್ಯಾಲೆ ಪೊಲೀಸ್ ಚೌಕಶಿಯಾ? ಒಲ್ಲೆ!’ ಎಂದೆ. ನಮ್ಮಾಕಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸದೆಯೇ ಹೇಳಿದಳು: ‘ಮಗಳನ್ನ ಕೊಡೂ ಮುಂದ ನೀವು ಹುಬ್ಬಳ್ಳಿಗೆ ಹೋಗಿ ಹುಡುಗನ ಓಣಿ, ಆಫೀಸು, ಚಾದಂಗಡಿ ಎಲ್ಲಾ ಕಡೆ ಚೌಕಶಿ ಮಾಡಿ ಬಂದ್ರಿ. ಅವ್ರು ಇಪ್ಪತ್ತು ಹುಡುಗ್ರನ್ನ ನಿಮ್ಮ ಕೈಯಾಗ ಕೊಡಾಕತ್ತಾರ. ಚೌಕಶಿ ಮಾಡಿದ್ರ ತಪ್ಪೇನು? ಮ್ಯಾಲೆ ನೀವು ಆರು ತಿಂಗಳು ಮಾಡಿದ್ದನ್ನ ಅವ್ರು ನಾಕ ದಿನದಾಗ ಮುಗಸ್ತಾರ.’

ಸಹಿ ಹಾಕಿದೆ.

ಮುಂದಿನ ಹೆದರಿಕೆ ಇಂಗ್ಲಿಷಿನದು. ಮಕ್ಕಳು ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ? ಅದಕ್ಕೂ ನಮ್ಮಾಕಿಯೇ ಮದ್ದು ಕೊಟ್ಟಳು. ಆಕೆ ಮುಂಡರಗಿಯ ಮಗಳು. ‘ನಮ್ಮೂರ ಭೀಮರಾಯ 1858ರಾಗ ಇಂಗ್ಲಿಷರಿಗೇ ಅಂಜಲಿಲ್ಲ. ನೀವು ಬರೇ ಇಂಗ್ಲಿಷಿಗೆ ಅಂಜತೀರಲ್ರೀ!’ ಭೀಮರಾಯ ಅದೇ ವರ್ಷ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಪ್ರಾಣ ಬಿಟ್ಟನೆಂಬುದನ್ನು ನಾನು ಆಕೆಗೆ ನೆನಪಿಸಲಿಲ್ಲ.

ಆಗಸ್ಟ್ ಕೊನೆಗೆ ತರಗತಿ ಶುರುವಾಯಿತು. ಅಮೆರಿಕದಲ್ಲಿ ಕನ್ನಡಿಗರು ಹತ್ತು ಮನೆ ಕಂಡಲ್ಲಿ ಒಂದು ಕೂಟ ಕಟ್ಟುತ್ತಾರೆ, ಕೂಟವಿದ್ದಲ್ಲಿ ವಾರದ ಕೊನೆಗೆ ಒಂದು ಕನ್ನಡ ತರಗತಿ. ಕೂಟಗಳ ಕೂಟವಾದ ‘ಅಕ್ಕ’ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನವನ್ನು 2000ದಲ್ಲಿ ಮಾಡಿದ್ದು ಇದೇ ಟೆಕ್ಸಸ್‌ನ ಹ್ಯೂಸ್ಟನ್ನಿನಲ್ಲಿ, 2018ರ ಸಮ್ಮೇಳನ ಡಲ್ಲಾಸಿನಲ್ಲೇ. ನಮ್ಮ ತರಗತಿಗೆ ಸಿಕ್ಕದ್ದು ಒಂದು ಗ್ರಂಥಾಲಯದ ಕೋಣೆ. ಎರಡು ತಾಸಿಗೆ ಒಂದು ನಿಮಿಷ ಹೆಚ್ಚಿಲ್ಲ. ಆರರಿಂದ ಹತ್ತು ವರ್ಷದ ಹದಿನೆಂಟು ಮಕ್ಕಳು, ಅವರಲ್ಲಿ ನನ್ನ ಮೊಮ್ಮಗನೂ ಒಬ್ಬ.

ಮೊದಲು ಹೆಸರಿನ ಪಂಚಾಯ್ತಿ. ಅಲ್ಲಿ ಮಾಸ್ತರನ್ನು ಅಡ್ಡಹೆಸರಿನಿಂದ ಕರೆಯುತ್ತಾರೆ. ನಮ್ಮ ಅಡ್ಡಹೆಸರು ಮೆಣಸಿನಕಾಯಿ. ನಮ್ಮ ಕಡೆ ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಮೆಣಸಿನಕಾಯಿ ಎಲ್ಲರೂ ಒಂದೇ ಹಾಜರಿ ಪುಸ್ತಕದಲ್ಲಿ ಕೂಡ್ರುತ್ತಾರೆ. ಯಾರಿಗೂ ಅದು ಕಿರಾಣಿ ಯಾದಿ ಅನ್ನಿಸಿಲ್ಲ. ಅಲ್ಲಿ ಒಬ್ಬ ಹುಡುಗ ಮೆಣಸಿನಕಾಯಿಯ ಅರ್ಥ ಕೇಳಿದ. ಹೇಳಿದೆ. ಐದು ನಿಮಿಷದಲ್ಲಿ ನಾನು ‘ಮಿಸ್ಟರ್ ಚಿಲ್ಲಿ’ ಆಗಿ, ಮುಂದೆ ಅಲ್ಲಿದ್ದಷ್ಟು ದಿನವೂ ಹಾಗೇ ಉಳಿದೆ. ಊರಲ್ಲಿ ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರುಗಳಿಗೆ ಹೋಲಿಸಿದರೆ ಇದು ಮರ್ಯಾದೆಯದೇ.

ಆಮೇಲೆ ಹುಟ್ಟಿದ ದಿನ. ಒಬ್ಬಳ ಹುಟ್ಟುಹಬ್ಬವಿತ್ತು, ಹಾಡಾಯಿತು. ‘ಸರ್, ನಿಮ್ಮದು ಯಾವಾಗ?’ ‘ಜೂನ್ 1.’ ‘ಅಜ್ಜಿದು?’ ಬಾಗಿಲ ಬಳಿ ಕೂತಿದ್ದ ನಮ್ಮಾಕಿ ಅಂದಳು, ‘ನಂದೂ ಜೂನ್ 1.’ ಮೊಮ್ಮಗ ಎದ್ದು ನಿಂತು ಹೆಮ್ಮೆಯಿಂದ, ‘ನಮ್ಮಜ್ಜನ ತಮ್ಮಂದೂ ಜೂನ್ 1, ಅವ್ರ ಹೆಂಡತೀದೂ ಜೂನ್ 1!’ ಎಂದು ಸಾರಿದ. ಒಬ್ಬ ಹುಡುಗ ಕನ್ನಡಕ ಸರಿಪಡಿಸಿಕೊಂಡು ಕೇಳಿದ: ‘ನೀವೆಲ್ಲ ಟ್ವಿನ್ಸಾ?’

ಈ ಹದಿನೆಂಟೂ ಮಕ್ಕಳಿಗೆ ತಾವು ಹುಟ್ಟಿದ ದಿನ ಮಾತ್ರವಲ್ಲ, ನಿಮಿಷವೂ ತೂಕವೂ ಗೊತ್ತಿತ್ತು. ಇವರಿಗೆ ಜೂನ್ 1ರ ರಹಸ್ಯ ಹೇಗೆ ಹೇಳುವುದು? ಹೇಳಿದೆ. ಜೂನ್‌ನಲ್ಲಿ ಸಾಲಿ ಶುರು. ಅಪ್ಪ ಹುಡುಗನ ರಟ್ಟೆ ಹಿಡಿದು ತಂದು ನಿಲ್ಲಿಸುತ್ತಾನೆ. ‘ಯಾವಾಗ ಹುಟ್ಟ್ಯಾನ?’ ಎಂದರೆ ‘ಶೀಗಿ ಹುಣ್ಣಿಮಿ ಮುಂದ್ರೀ, ನಮ್ಮ ಕೆಂದ ಆಕಳ ಕರಾ ಹಾಕಿದ ವರ್ಷ’ ಎನ್ನುತ್ತಾನೆ. ಆಕಳನ್ನು ಕೇಳುವಂತಿಲ್ಲ. ಆಗ ಮಾಸ್ತರ ಹುಡುಗನಿಗೆ, ‘ಬಲಗೈ ತಲಿ ಮ್ಯಾಲಿಂದ ಹಾಸಿ ಎಡಗಿವಿ ಮುಟ್ಟು’ ಎನ್ನುತ್ತಾನೆ. ಮುಟ್ಟಿತೋ, ಒಂದನೇ ಇಯತ್ತೆಗೆ ದಾಖಲು, ಹುಟ್ಟಿದ್ದು ಜೂನ್ 1. ಮುಟ್ಟಲಿಲ್ಲವೋ, ಮುಂದಿನ ವರ್ಷ ಹುಟ್ಟಿದರಾಯಿತು. ಹೀಗೆ ನಾನೇ ನೂರಾರು ಮಕ್ಕಳನ್ನು ಜೂನ್ 1ಕ್ಕೆ ಹಡೆದಿದ್ದೇನೆ.

ಕತೆ ಮುಗಿಯುವ ಹೊತ್ತಿಗೆ ಗ್ರಂಥಾಲಯದ ಕೋಣೆಯಲ್ಲಿ ಹದಿನೆಂಟು ಬಲಗೈಗಳು ಹದಿನೆಂಟು ತಲೆಗಳ ಮೇಲಿಂದ ಹಾದು ಎಡಗಿವಿ ಹುಡುಕುತ್ತಿದ್ದವು. ಗಾಜಿನಾಚೆ ಪುಸ್ತಕ ಜೋಡಿಸುತ್ತಿದ್ದ ಗ್ರಂಥಪಾಲಕಿ ಇದು ಯೋಗದ ತರಗತಿ ಇರಬೇಕೆಂದು ಮೆಚ್ಚುಗೆಯಿಂದ ತಲೆದೂಗಿದಳು.

ಇನ್ನು ಪಾಠ. ಇಲ್ಲಿ ನನ್ನ 34 ವರ್ಷದ ಬಂಡವಾಳ ಒಂದೇ ದಿನದಲ್ಲಿ ಕರಗಿತು. ನಮ್ಮ ಶಾಲೆಗಳಲ್ಲಿ ಪಾಠಕ್ಕೊಂದು ಮಂಗಳಾರತಿ ಇರುತ್ತದೆ. ಮಾಸ್ತರ ಹಲಗೆಯಿಂದ ಈ ಕಡೆ ತಿರುಗಿ ‘ತಿಳೀತೇನ್ರೋ?’ ಎನ್ನಬೇಕು. ಅರವತ್ತು ಗಂಟಲುಗಳು ಒಮ್ಮೆಲೇ ‘ತಿಳೀತ್ರೀ ಸರ!’ ಎನ್ನಬೇಕು. ಜಂತಿಯ ಮೇಲಿನ ಪಾರಿವಾಳಗಳು ಹಾರಬೇಕು. ಅಲ್ಲಿಗೆ ಪಾಠ ಮುಗಿದಂತೆ. ನಾನು ಕಲಿಸಿದ್ದೆಲ್ಲ ತಿಳಿಯಿತೆಂಬುದಕ್ಕೆ ನನ್ನ ಬಳಿ ಇದ್ದ ಪುರಾವೆ ಆ ಪಾರಿವಾಳಗಳು ಮಾತ್ರ.

ಅವತ್ತು ಕಲಿಸಿದ್ದು ‘ಲ’ ಮತ್ತು ‘ಳ’. ಒಬ್ಬ ಹುಡುಗ ‘ನಾನು ದಿನಾ ಬೆಳಿಗ್ಗೆ ಹಾಳು ಕುಡಿಯುತ್ತೇನೆ’ ಎಂದು ಬರೆದಿದ್ದ. ಹಾಲು ಯಾವುದು, ಹಾಳು ಯಾವುದು, ನಾಲಿಗೆ ಎಲ್ಲಿಡಬೇಕು ಎಂದೆಲ್ಲ ವಿವರಿಸಿ, ಕೈಯ ಧೂಳು ಝಾಡಿಸಿಕೊಂಡು ಅಭ್ಯಾಸಬಲದಿಂದ ಕೇಳಿದೆ: ‘ತಿಳೀತೇನ್ರೋ?’

ಮೌನ. ಪಾರಿವಾಳಗಳಂತೂ ಇರಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ, ಎರಡು ಜಡೆ ಹಾಕಿಕೊಂಡ, ಮುಂದಿನ ಹಲ್ಲು ಬಿದ್ದ ಏಳು ವರ್ಷದ ಹುಡುಗಿ ಕೈ ಎತ್ತಿ, ‘ನಾಟ್ ರಿಯಲಿ’ ಎಂದಳು.

ಕುಹಕವಿಲ್ಲ, ಹೆದರಿಕೆಯಿಲ್ಲ. ಬಾಯಾರಿಕೆಯಾಗಿದೆ ಎಂದು ಹೇಳುವಂಥ ದನಿ. ಇನ್ನೊಮ್ಮೆ ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು. ಬೆವರೊರೆಸಿಕೊಂಡು ಮೂರನೆಯ ಸಲ ಬಾಯಿ ಅಗಲ ತೆರೆದು, ನಾಲಿಗೆಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ ತೋರಿಸಿದೆ. ಎಲ್ಲ ಮಕ್ಕಳೂ ಬಂದು ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ನನ್ನ ಬಾಯೊಳಗೆ ಇಣುಕಿದರು. ‘ಈಗ ತಿಳೀತು’ ಎಂದಳು ಹುಡುಗಿ. ಸ್ವಲ್ಪ ಯೋಚಿಸಿ ಸೇರಿಸಿದಳು: ‘ಆದ್ರೆ ಎರಡ್ನೇ ಸಲ ನೀವು ತಪ್ಪು ಹೇಳಿದ್ರಿ.’

ಹೌದು, ಹೇಳಿದ್ದೆ. ಗಡಿಬಿಡಿಯಲ್ಲಿ ಉಲ್ಟಾ ಹೇಳಿದ್ದೆ. ಊರಲ್ಲಾದರೆ ಆ ತಪ್ಪಿಗೂ ಅರವತ್ತು ಜನ ‘ತಿಳೀತ್ರೀ ಸರ’ ಎಂದಿರುತ್ತಿದ್ದರು. ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕಿದೆ: 34 ವರ್ಷ, ದಿನಕ್ಕೆ ಆರು ಪಿರಿಯಡ್ಡು. ಲೆಕ್ಕ ಮುಗಿಸಲು ಧೈರ್ಯವಾಗಲಿಲ್ಲ.

ಇದರ ಮರುವಾರ ನಾನು ಒಂದು ಮಗುವನ್ನು ಅಳಿಸಿದೆ, ಅದೂ ಹೊಗಳಿ. ಹುಡುಗನೊಬ್ಬ ಇಡೀ ಕಾಗುಣಿತವನ್ನು ತಪ್ಪಿಲ್ಲದೆ ಮುತ್ತಿನಂತೆ ಬರೆದು ತಂದಿದ್ದ. ನಾನು ಮನತುಂಬಿ ‘ಅಡ್ಡಿಯಿಲ್ಲ!’ ಎಂದೆ. ಸಂಜೆ ಅವನ ತಾಯಿಯ ಫೋನು: ‘ಸರ್, ತಪ್ಪು ತಿಳ್ಕೋಬೇಡಿ. ಅಡ್ಡಿಯಿಲ್ಲ ಅಂದ್ರಂತೆ. ಏನು ಅಡ್ಡಿ ಬಂತು ಅಂತ ಮಧ್ಯಾಹ್ನದಿಂದ ಅಳ್ತಿದಾನೆ.’

ಬೆಂಗಳೂರಿನ ಆ ತಾಯಿಗೆ ನಮ್ಮ ಕಡೆಯ ಹೊಗಳಿಕೆಯ ದರಪಟ್ಟಿ ವಿವರಿಸಬೇಕಾಯಿತು. ಕೆಲಸ ಚೆನ್ನಾಗಿದ್ದರೆ ನಾವು ಏನೂ ಅನ್ನುವುದಿಲ್ಲ. ಬಹಳ ಚೆನ್ನಾಗಿದ್ದರೆ ‘ಹೂಂ’. ತೀರಾ ಅಪರೂಪಕ್ಕೆ ‘ನಡೀತೈತಿ’. ಇನ್ನು ‘ಅಡ್ಡಿಯಿಲ್ಲ’ ಎನ್ನುವುದು ಜನ್ಮಕ್ಕೊಮ್ಮೆ ಸಿಗುವ ಪದವಿ. ನನಗೆ ಕನ್ಯೆ ನೋಡಲು ಮುಂಡರಗಿಗೆ ಹೋದಾಗ, ಉಪ್ಪಿಟ್ಟು ತಿಂದು ಹೊರಗೆ ಬಂದ ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಅಂದದ್ದು ಒಂದೇ ಶಬ್ದ, ‘ಅಡ್ಡಿಯಿಲ್ಲ’. ಆ ಒಂದು ಶಬ್ದದ ಬುನಾದಿಯ ಮೇಲೆ 41 ವರ್ಷದ ಸಂಸಾರ ನಿಂತಿದೆ. ಅದಕ್ಕೆ ಪೈಪು ಹಾಕಿ ನೀರು ಬಿಡುವ ಪ್ರಸಂಗ ಬಂದಿಲ್ಲ.

ಅಲ್ಲಿ ಹಾಗಲ್ಲ. ‘ಗುಡ್ ಜಾಬ್’ ಎಂಬುದು ಗಾಳಿಯಲ್ಲೇ ಇದೆ. ಹುಡುಗ ಉದ್ಯಾನದ ಜಾರುಬಂಡಿಯಿಂದ ಜಾರಿದರೆ ಗುಡ್ ಜಾಬ್. ಜಾರಿಸಿದ್ದು ಭೂಮಿಯ ಸೆಳೆತ, ಇವನ ಜಾಬ್ ಅದರಲ್ಲಿ ಏನಿತ್ತು ಎಂದು ನಾನು ಮಗನನ್ನು ಕೇಳಿದೆ. ಮೊಮ್ಮಗ ತಟ್ಟೆಯಲ್ಲಿನ ಅವರೆಕಾಳು ನುಂಗಿದರೆ ಗುಡ್ ಜಾಬ್, ಉಗುಳದಿದ್ದರೆ ಇನ್ನೊಂದು ಗುಡ್ ಜಾಬ್. ತರಗತಿಯ ಸಂಚಾಲಕಿ ನನ್ನ ಕೈಗೆ ನಕ್ಷತ್ರದ ಸ್ಟಿಕ್ಕರಿನ ಹಾಳೆ ಕೊಟ್ಟು, ‘ಎಲ್ಲರಿಗೂ ಒಂದೊಂದು ಅಂಟಿಸಿ ಸರ್’ ಎಂದರು. ಎಲ್ಲರಿಗೂ ಕೊಟ್ಟರೆ ಅದು ನಕ್ಷತ್ರ ಹೇಗಾಗುತ್ತದೆ, ರೇಷನ್ ಆಗುತ್ತದೆ ಎಂದು ನಾನು ವಾದಿಸಿದೆ. ಅವರು ನಕ್ಕು, ‘ರೇಷನ್ನೇ ಸರ್. ಹಸಿವು ಎಲ್ಲರಿಗೂ ಇರುತ್ತಲ್ಲ’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅಂಟಿಸಿದೆ. ಒಂದು ಸ್ಟಿಕ್ಕರು ಹೆಚ್ಚಾಗಿ ಉಳಿಯಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಡೈರಿಗೆ ಅಂಟಿಸಿಕೊಂಡೆ.

ಶೇಂಗಾ ಉಂಡಿಯ ಪ್ರಕರಣವನ್ನು ಹೇಳದೆ ಬಿಡುವಂತಿಲ್ಲ. ನಮ್ಮಲ್ಲಿ ನಾಗರ ಪಂಚಮಿ ಎಂದರೆ ಉಂಡಿಯ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಮರಕ್ಕೆ ಜೋಕಾಲಿ. ಸುತ್ತಲ ಮಣ್ಣೂ ಎರಿಯಾದ್ದರಿಂದ ನಮ್ಮಾಕಿಗೆ ಊರೇ ಅನ್ನಿಸಿ ಡಬ್ಬಿಗಟ್ಟಲೆ ಕಟ್ಟಿದ್ದಳು. ಹಬ್ಬ ಮುಗಿದು ತಿಂಗಳಾದರೂ ಉಂಡಿ ಮುಗಿದಿರಲಿಲ್ಲ. ಸೆಪ್ಟೆಂಬರಿನ ಒಂದು ಭಾನುವಾರ ಆ ಸ್ಟೀಲಿನ ಡಬ್ಬಿಯನ್ನು ತರಗತಿಗೆ ಒಯ್ದು, ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದೆ. ಹುರಿದ ಶೇಂಗಾ ಮತ್ತು ಬೆಲ್ಲದ ವಾಸನೆ ಕೋಣೆ ತುಂಬಿತು.

ಬಾಗಿಲಲ್ಲಿದ್ದ ತಾಯಿಯೊಬ್ಬಳು ಕಿಟಾರನೆ ಕಿರುಚಿದಳು. ಡಬ್ಬಿಯೊಳಗಿಂದ ಸಾಕ್ಷಾತ್ ನಾಗಪ್ಪನೇ ಹೆಡೆ ಎತ್ತಿದ್ದರೂ ಅಷ್ಟು ಗದ್ದಲವಾಗುತ್ತಿರಲಿಲ್ಲ. ಮಕ್ಕಳನ್ನು ಹೊರಗೆ ಓಡಿಸಿದರು. ಮೇಜು ಒರೆಸಿದರು, ಕುರ್ಚಿ ಒರೆಸಿದರು, ನನ್ನ ಕೈ ಎರಡು ಸಲ ತೊಳೆಸಿದರು. ಶೇಂಗಾ ಉಣ್ಣದವರನ್ನು ನಾನು ಕಂಡಿರಲಿಲ್ಲ. ನಮ್ಮಲ್ಲಿ ಶೇಂಗಾ ಚಟ್ನಿ ಇಲ್ಲದಿದ್ದರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಕಿರುಚಿದ ತಾಯಿ ಆಮೇಲೆ ಬಂದು ಕ್ಷಮೆ ಕೇಳಿ, ಚೀಲದಿಂದ ಪೆನ್ನಿನಂಥ ಒಂದು ಇಂಜೆಕ್ಷನ್ ತೆಗೆದು ತೋರಿಸಿದಳು. ಅವಳ ಮಗ ಒಂದು ಬೀಜ ತಿಂದರೂ ಉಸಿರು ಕಟ್ಟುತ್ತದೆ, ತೊಡೆಗೆ ಆಗಿಂದಾಗಲೇ ಇದನ್ನು ಚುಚ್ಚಬೇಕು. ಆ ಪೆನ್ನು ಹಿಡಿದ ಅವಳ ಕೈ ಇನ್ನೂ ನಡುಗುತ್ತಿತ್ತು. ನನ್ನ ಕೈಯೂ.

ಮನೆಗೆ ಬಂದು ಹೇಳಿದಾಗ ನಮ್ಮಾಕಿ ಸುಮ್ಮನೆ ಕೂತುಬಿಟ್ಟಳು. ಮರುದಿನ ಎದ್ದು ಸೊಸೆಯಿಂದ ‘ಯಾವ್ಯಾವ ಹುಡುಗ್ರಿಗೆ ಯಾವ್ಯಾವುದು ಆಗೂದಿಲ್ಲ’ ಎಂಬ ಯಾದಿ ಬರೆಸಿದಳು. ಒಬ್ಬನಿಗೆ ಶೇಂಗಾ ಬೇಡ, ಒಬ್ಬಳಿಗೆ ಎಳ್ಳು ಬೇಡ, ಇಬ್ಬರಿಗೆ ಹಾಲು ತುಪ್ಪ ಆಗದು, ಒಬ್ಬನಿಗೆ ಗೋಧಿಯೇ ಆಗದು. ‘ನೀರಿನ ಉಂಡಿ ಕಟ್ಟಬೇಕೇನ್ರೀ?’ ಎಂದು ಗೊಣಗುತ್ತಲೇ ಮುಂದಿನ ಭಾನುವಾರಕ್ಕೆ ಚುರುಮುರಿಗೆ ಬೆಲ್ಲದ ಪಾಕ ಹಾಕಿ ಉಂಡಿ ಕಟ್ಟಿದಳು. ಹದಿನೆಂಟೂ ಮಕ್ಕಳು ತಿಂದರು. ಆ ಹುಡುಗನೂ ತಿಂದ. ಅವನ ತಾಯಿ ಒಂದನ್ನು ಬಾಯಿಗಿಟ್ಟು ನಮ್ಮಾಕಿಯ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಭಾಷೆಯ ಗಲಾಟೆ ಶುರುವಾಗಿತ್ತು. ಮಕ್ಕಳು ಮನೆಯಲ್ಲಿ ‘ಹೌದ್ರೀ’, ‘ಬರ್ರಿ’, ‘ಅಲ್ಲೈತಿ’ ಎನ್ನತೊಡಗಿದ್ದರು. ನನ್ನ ಮೊಮ್ಮಗ ನೆರೆಮನೆಯ ನಾಯಿಗೂ ‘ಕೂಡ್ರಿ’ ಎನ್ನುತ್ತಿದ್ದ, ಅದು ಕೂಡ್ರುತ್ತಲೂ ಇತ್ತು. ಮೈಸೂರಿನ ಕಡೆಯ ತಂದೆಯೊಬ್ಬರು ಬಹಳ ಸಂಕೋಚದಿಂದ, ‘ಸರ್, ಸ್ವಲ್ಪ ಸ್ಟ್ಯಾಂಡರ್ಡ್ ಕನ್ನಡ ಹೇಳಿಕೊಟ್ರೆ...’ ಎಂದರು.

ನಾನು ಇದಕ್ಕಾಗಿಯೇ ಕಾದಿದ್ದೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಎಲ್ಲಿದೆಯೆಂದು ನಾಲ್ಕು ಊರುಗಳ ಗಡಿ ಹಾಕಿ ಹೇಳಿದ್ದಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಪಂಪ 941ರಲ್ಲಿ ಭಾರತ ಬರೆದಾಗ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಹೇಳಿಕೊಂಡಿದ್ದಾನೆ. ‘ಆ ಪುಲಿಗೆರೆ ಅಂದ್ರ ನಮ್ಮ ಲಕ್ಷ್ಮೇಶ್ವರ್ರೀ. ನಿಮ್ಮ ತಕರಾರು ಏನಿದ್ರೂ ನೃಪತುಂಗಗ ಬರೀರಿ’ ಎಂದೆ. ಅವರು ಪಾಪ ಮುಖ ಸಣ್ಣದು ಮಾಡಿಕೊಂಡು ಹೋದರು. ಮುಂದಿನ ವಾರ ಓದಿಕೊಂಡು ಬಂದು, ‘ಸರ್, ನೀವು ಹೇಳಿದ್ದು ಸರಿ. ಆದರೆ ಪಂಪ ಎಲ್ಲೂ ಐತಿ ಅಂದಿಲ್ವಲ್ಲ?’ ಎಂದರು.

ಅದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಕಡೆಗೆ ರಾಜಿಯಾಯಿತು. ಮಂಗಳೂರಿನ ಮಗು ‘ಉಂಟು’ ಎನ್ನಲಿ, ಮೈಸೂರಿನದು ‘ಇದೆ’, ಕಲಬುರಗಿಯದು ‘ಅದ’, ನಮ್ಮದು ‘ಐತಿ’. ಈ ನಾಲ್ಕೂ ಒಂದು ಕೋಣೆಯಲ್ಲಿ ಕೂಡಿದ್ದನ್ನು ನಾನು ಕರ್ನಾಟಕದಲ್ಲಿ ಕಂಡಿರಲಿಲ್ಲ, ಅದಕ್ಕೆ ಟೆಕ್ಸಸ್‌ಗೇ ಹೋಗಬೇಕಾಯಿತು.

ನವೆಂಬರಿನಲ್ಲಿ ನನಗೆ ಊರು ಬಹಳ ನೆನಪಾಯಿತು. ಆ ಹೊತ್ತಿಗೆ ಮಾಗಡಿ ಕೆರೆಗೆ ಹಕ್ಕಿಗಳು ಬಂದಿರುತ್ತವೆ. ಗದಗದಿಂದ 26 ಕಿಲೋಮೀಟರ್, ಶಿರಹಟ್ಟಿಗೂ ನಮ್ಮೂರಿಗೂ ಹತ್ತಿರ. ತಲೆಯ ಹಿಂದೆ ಎರಡು ಕರಿ ಪಟ್ಟೆಯಿರುವ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ, ಟಿಬೆಟ್ ಮಂಗೋಲಿಯಾ ಕಡೆಯಿಂದ ಬಂದು ಚಳಿಗಾಲ ಪೂರ್ತಿ ಇಲ್ಲಿರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಹೆಬ್ಬಾತುಗಳು ಹಗಲು ನೀರಿನಲ್ಲಿ ಠೀವಿಯಿಂದ ತೇಲುತ್ತವೆ, ರಾತ್ರಿ ಸುತ್ತಲ ಹೊಲಗಳಿಗೆ ಶೇಂಗಾ ತಿನ್ನಲು ಹೋಗುತ್ತವೆ. ಮಕ್ಕಳಿಗೆ ಈ ಕತೆ ಹೇಳಿದೆ.

ಇಂಜೆಕ್ಷನ್ ಹುಡುಗ ಮೊದಲು ಕೈ ಎತ್ತಿದ: ‘ಅವಕ್ಕೆ ಶೇಂಗಾ ಅಲರ್ಜಿ ಇಲ್ವಾ?’

‘ಇಲ್ಲಪ್ಪಾ.’

‘ಲಕ್ಕಿ’ ಎಂದ.

ಇನ್ನೊಬ್ಬ ಕೇಳಿದ, ‘ಅವಕ್ಕೆ ವೀಸಾ ಎಷ್ಟು ತಿಂಗಳು?’ ‘ನನ್ನಷ್ಟೇ, ಆರು ತಿಂಗಳಿನ ಒಳಗ ವಾಪಸ್ ಹೋಗಬೇಕು’ ಎಂದೆ. ಎರಡು ಜಡೆಯ ಹುಡುಗಿ ಬಹಳ ಹೊತ್ತು ಯೋಚಿಸಿ, ‘ಮಂಗೋಲಿಯಾದಲ್ಲಿ ಹುಟ್ಟಿದ ಮರಿಗೆ ಕನ್ನಡ ಬರತ್ತಾ?’ ಎಂದಳು. ‘ಹೊಲದಾಗ ರೈತ ಹೋ ಅಂದ ಕೂಡ್ಲೇ ಹಾರತಾವವ್ವಾ, ಅಷ್ಟು ಬರತೈತಿ’ ಎಂದೆ. ‘ಮತ್ತೆ ನನಗೆ ಅದಕ್ಕಿಂತ ಜಾಸ್ತಿ ಬರತ್ತೆ’ ಎಂದು ಸಮಾಧಾನದಿಂದ ಕೂತಳು. ಕೂತು, ತಿಳೀತೇನ್ರೋ ಎಂದು ನಾನು ಕೇಳುವ ಮೊದಲೇ ಹೇಳಿದಳು: ‘ಆದ್ರೆ ದಾರಿ ಅವಕ್ಕೆ ಹೆಂಗ ಗೊತ್ತಾಕ್ಕೈತಿ, ಅದು ತಿಳೀಲಿಲ್ರೀ.’

ನನಗೂ ಪೂರ್ತಿ ತಿಳಿದಿಲ್ಲವೆಂದು ಒಪ್ಪಿಕೊಂಡೆ. ವಿದ್ಯಾರ್ಥಿಗಳ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ಭೂಮಿ ಬಾಯಿಬಿಡಲಿಲ್ಲ.

ಡಿಸೆಂಬರ್ ಕೊನೆಗೆ ವಾಪಸು ಬಂದೆವು. ಜನವರಿಯಲ್ಲಿ ನಾನು ಕಡೆಗೆ ಕೆಲಸ ಮಾಡಿದ ಶಾಲೆಯವರು, ಅಮೆರಿಕದ ಅನುಭವ ಹೇಳಬೇಕೆಂದು ಕರೆದರು. ಹಾರ ಹಾಕಿ, ತೆಂಗಿನಕಾಯಿ ಕೊಟ್ಟು, ಕುರ್ಚಿಯ ಮೇಲೆ ಕೂಡ್ರಿಸಿದರು. ಎದುರಿಗೆ ನೆಲದ ಮೇಲೆ ಐದನೆಯವರೂ ಆರನೆಯವರೂ ಕೂಡಿ ಎಂಬತ್ತು ಮಕ್ಕಳು. ನಾನು ವಿಮಾನದ ಕತೆ ಬಿಟ್ಟು ನೇರ ವಿಷಯಕ್ಕೆ ಬಂದೆ. ಎರಡು ಜಡೆಯ ಹುಡುಗಿಯ ಕತೆ ಹೇಳಿದೆ. ತಿಳಿಯದಿದ್ದರೆ ತಿಳೀಲಿಲ್ಲ ಎನ್ನುವುದು ತಪ್ಪಲ್ಲ, ಹಾಗೆ ಅನ್ನದಿರುವುದೇ ತಪ್ಪು, ಮಾಸ್ತರರಿಗೂ ಎಷ್ಟೋ ಸಂಗತಿ ಗೊತ್ತಿರುವುದಿಲ್ಲ ಎಂದೆ. ಬಾಗಿಲ ಬಳಿ ನಿಂತಿದ್ದ ಮಾಸ್ತರರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮೈದುಂಬಿ, ದನಿ ಎತ್ತರಿಸಿ ಹೇಳಿದೆ: ‘ಇವತ್ತಿನಿಂದ ತಿಳೀದಿದ್ರ ಎದ್ದು ನಿಂತು, ಅಂಜಲಾರದ ತಿಳೀಲಿಲ್ಲ ಅನ್ನಬೇಕು. ತಿಳೀತೇನ್ರೋ?’

‘ತಿಳೀತ್ರೀ ಸರ!’

ಎಂಬತ್ತು ಗಂಟಲು. ಜಂತಿಯ ಮೇಲಿನ ಪಾರಿವಾಳಗಳು ಒಮ್ಮೆಲೇ ಹಾರಿದವು. ಅವು ನನ್ನನ್ನು ಮರೆತಿರಲಿಲ್ಲ.

ಚಹಾ ಕುಡಿದು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಬೇವಿನ ಮರದ ಹಿಂದಿನಿಂದ ಒಬ್ಬ ಹುಡುಗ ಬಂದ. ಅಂಗಿಯ ಮೇಲಿನ ಗುಂಡಿ ಇರಲಿಲ್ಲ, ಕೈಯಲ್ಲಿ ಕಟ್ಟು ಹರಿದ ಗಣಿತದ ವಹಿ. ಆ ಕಡೆ ಈ ಕಡೆ ನೋಡಿ, ನನ್ನ ಮೊಣಕೈ ಹತ್ತಿರ ಬಂದು ಪಿಸುಗುಟ್ಟಿದ: ‘ಸರ, ಭಾಗಾಕಾರದಾಗ ಮ್ಯಾಲಿನ ಅಂಕಿ ಯಾಕ ಕೆಳಗ ಇಳಸ್ತಾರ ಅಂತ ನನಗ ಖರೇ ತಿಳಿದಿಲ್ರೀ.’ ಇನ್ನೊಮ್ಮೆ ಸುತ್ತ ನೋಡಿದ. ‘ಯಾರ ಮುಂದನೂ ಹೇಳಬ್ಯಾಡ್ರಿ.’

ಆಗ ನೆನಪಾಯಿತು. 34 ವರ್ಷವೂ ಯಾರಾದರೊಬ್ಬರು ಹೀಗೆ ಬರುತ್ತಲೇ ಇದ್ದರು. ನೀರಿನ ಟಾಕಿಯ ಹತ್ತಿರ, ಸೈಕಲ್ ಹಿಡಿದುಕೊಳ್ಳುವ ನೆಪದಲ್ಲಿ, ಗೆಳೆಯನನ್ನು ಮುಂದೆ ತಳ್ಳಿ ‘ಇವಗ ತಿಳಿದಿಲ್ಲಂತ್ರೀ ಸರ’ ಎಂದು. ಬಸ್ಸು ತಪ್ಪುತ್ತದೆಂದು ನಾನೇ ‘ನಾಳಿ ಬಾ’ ಎಂದು ಹೊರಡುತ್ತಿದ್ದೆ.

ಬೇವಿನ ಕಟ್ಟೆಯ ಮೇಲೆ ಕೂತೆ. ಕಡ್ಡಿಯೊಂದನ್ನು ಮುರಿದು ಮಣ್ಣಿನ ಮೇಲೆ 84ನ್ನು 6ರಿಂದ ಭಾಗಿಸಿದೆ. ಎಂಟು ಹತ್ತುಗಳನ್ನು ಆರು ಜನರಿಗೆ ಹಂಚಿದರೆ ಎರಡು ಹತ್ತು ಉಳಿಯಿತು, ಅದನ್ನು ಚಿಲ್ಲರೆ ಮಾಡಿಸಿ, ಮೇಲಿನ ನಾಲ್ಕನ್ನು ಕೆಳಗಿಳಿಸಿ ಅದಕ್ಕೆ ಕೂಡಿಸಬೇಕು ಎಂದೆ. ಹುಡುಗ ಅರ್ಧಕ್ಕೇ ತಡೆದು, ‘ಚಿಲ್ಲರೆ ಅಂದ್ರ ಇಪ್ಪತ್ತು?’ ಎಂದ. ಮತ್ತೆ ಮೊದಲಿನಿಂದ ಹೇಳಿದೆ. ಮೂರನೆಯ ಸಲ ಕಡ್ಡಿಯನ್ನು ನನ್ನ ಕೈಯಿಂದ ತಾನೇ ಕಿತ್ತುಕೊಂಡು ಕೆಳಗೆ 14 ಎಂದು ಬರೆದ.

‘ತಿಳೀತೇನು?’ ಎಂದೆ. ಈ ಸಲ ಮೆಲ್ಲಗೆ.

ಅವನು ಮಣ್ಣಿನ ಮೇಲಿನ ಲೆಕ್ಕವನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ವಹಿಯಿಂದ ತಲೆ ಕೆರೆದುಕೊಂಡ.

‘ಅಡ್ಡಿಯಿಲ್ರೀ ಸರ’ ಎಂದ.